ಮಂಗಳೂರಿನ ಬಂದರು ಎಲ್ಲಿದೆ ಅಂತ ಕೇಳುವವರಿಗೆ

ಘಟ್ಟದ ಮೇಲಿನ ಗೆಳೆಯರು ಮಂಗಳೂರಿಗೆ ಬಂದಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ: "ಬಂದರು ನಗರ ಅಂತ ಶಾಲೆಯಲ್ಲಿ ಓದಿದ್ದೇವೆ. ಹಂಪನಕಟ್ಟೆ ಸುತ್ತಿದೆವು, ಕದ್ರಿಗೂ ಹೋಗಿ ಬಂದೆವು, ಒಂದು ಹಡಗೂ ಕಾಣಲಿಲ್ಲ. ಬಂದರು ಎಲ್ಲಿದೆ ಮಾರಾಯ್ರೇ?"

ಮಂಗಳೂರಿಗೆ ಬಂದರು ಒಂದಲ್ಲ, ಎರಡು. ಊರನ್ನು ಬೆಳೆಸಿದ್ದು ಹಳೆಯದು. ದೊಡ್ಡ ಹಡಗುಗಳು ಬರುವುದು ಪಣಂಬೂರಿನ ಹೊಸದಕ್ಕೆ, ಪೇಟೆಯಿಂದ ಸುಮಾರು ಹತ್ತು ಕಿಲೋಮೀಟರ್ ಉತ್ತರಕ್ಕೆ. ಆದರೆ ಮಂಗಳೂರು ಅರ್ಥವಾಗಬೇಕಾದರೆ ಮೊದಲು ಹಳೆ ಬಂದರಿಗೇ ಹೋಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅಲ್ಲಿ ನಿಂತರೆ ಎದುರಿಗೆ ಕಾಣುವುದು ಕಡಲಲ್ಲ, ನದಿ. ಗುರುಪುರ ನದಿ ಕಡಲ ಹತ್ತಿರ ಬಂದರೂ ನೇರವಾಗಿ ಅದಕ್ಕೆ ಬೀಳದೆ ದಕ್ಷಿಣಕ್ಕೆ ತಿರುಗಿ, ನೇತ್ರಾವತಿಯ ಜೊತೆ ಒಂದೇ ಅಳಿವೆಯಲ್ಲಿ ಸಮುದ್ರ ಸೇರುತ್ತದೆ. ನದಿಗೂ ಕಡಲಿಗೂ ನಡುವೆ ಬೆಂಗ್ರೆಯ ಮರಳ ದಿಣ್ಣೆ. ಅಲೆಯ ಹೊಡೆತವನ್ನು ಆ ದಿಣ್ಣೆ ತಡೆಯುತ್ತದೆ, ದೋಣಿಗಳು ಒಳಗೆ ನೆಮ್ಮದಿಯಾಗಿ ನಿಲ್ಲುತ್ತವೆ. ಕಾಳುಮೆಣಸು, ಶುಂಠಿ ಹುಡುಕಿಕೊಂಡು ಬಂದ ವ್ಯಾಪಾರಿಗಳಿಗೆ ಬೇಕಿದ್ದದ್ದು ಇಂಥದ್ದೇ ಜಾಗ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಇಲ್ಲಿ ವರ್ಷಗಟ್ಟಲೆ ನೆಲೆಸಿ ವ್ಯಾಪಾರ ಮಾಡಿದ. ಬೊಮ್ಮ ಎಂಬ ಸ್ಥಳೀಯ ಅವನ ಸರಕು ತೆಗೆದುಕೊಂಡು ಯೆಮನ್‌ನ ಏಡನ್ ಬಂದರಿನವರೆಗೆ ಹೋಗಿ ಬರುತ್ತಿದ್ದ. ಆ ವ್ಯವಹಾರದ ಪತ್ರಗಳು ಕೈರೋದ ಹಳೆಯ ಸಿನಗಾಗ್‌ನಲ್ಲಿ (ಯಹೂದಿ ಪ್ರಾರ್ಥನಾ ಮಂದಿರ) ಉಳಿದಿದ್ದವು. ನಮ್ಮ ತುಳುನಾಡಿನ ಹೆಸರೊಂದು ಅಷ್ಟು ದೂರದ ಕಾಗದದಲ್ಲಿ ಉಳಿದಿದೆ ಎಂದು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತನೂ ಪರ್ಷಿಯಾ, ಯೆಮನ್ ವರ್ತಕರು ಇಳಿಯುವ ರೇವು ಇದು ಎಂದು ಬರೆದಿದ್ದಾನೆ. ಪೋರ್ಚುಗೀಸರು, ಕೆಳದಿ ನಾಯಕರು, ಹೈದರ್, ಟಿಪ್ಪು, ಇಂಗ್ಲಿಷರು ಕಾದಾಡಿದ್ದೂ ಇದೇ ರೇವಿಗಾಗಿ. ನದಿಯೊಳಗೆ ಯುದ್ಧನೌಕೆ ನುಗ್ಗದಂತೆ ಕಟ್ಟಿದ ಕಾವಲು ಗೋಪುರ ಸುಲ್ತಾನ್ ಬತ್ತೇರಿ ಇವತ್ತಿಗೂ ದಡದಲ್ಲಿದೆ.

ಮಂಗಳೂರು ಹಂಚಿನ ಕಥೆಯೂ ನದಿಯದ್ದೇ. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಶುರುಮಾಡಿದರು. ಆವೆಮಣ್ಣು ದೋಣಿಯಲ್ಲಿ ಬಂತು, ಸೌದೆ ದೋಣಿಯಲ್ಲಿ ಬಂತು, ಸುಟ್ಟ ಹಂಚು ದೋಣಿಯಲ್ಲೇ ಹೊರಟಿತು. ಮಂಗಳೂರು ಹಂಚು ಕಡಲಾಚೆಗೂ ಹೋದದ್ದು ಹೀಗೆ.

ಹಾಗಾದರೆ ಬಂದರು ಪಣಂಬೂರಿಗೆ ಹೋದದ್ದೇಕೆ? ಆಳ ಸಾಲದೆ. ಎರಡು ನದಿಗಳು ಹೊತ್ತು ತರುವ ಹೂಳು ಅಳಿವೆ ಬಾಗಿಲಲ್ಲಿ ಕೂರುತ್ತದೆ. ಉಗಿಹಡಗುಗಳ ಕಾಲಕ್ಕೇ ದೊಡ್ಡ ಹಡಗು ಹೊರಗಡಲಲ್ಲಿ ಲಂಗರು ಹಾಕಬೇಕಿತ್ತು, ಸರಕನ್ನು ದೋಣಿಗಳಲ್ಲಿ ಸಾಗಿಸಬೇಕಿತ್ತು. ಮಳೆಗಾಲದಲ್ಲಂತೂ ಅದೂ ಬಂದ್. ಹೊಸ ಬಂದರಿಗಾಗಿ ದೆಹಲಿಯಲ್ಲಿ ಹಟ ಹಿಡಿದು ಓಡಾಡಿದವರು ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರು. 1965ರಲ್ಲೇ ತೀರಿಕೊಂಡದ್ದರಿಂದ ಅದು ಪೂರ್ತಿಯಾದದ್ದನ್ನು ಅವರು ನೋಡಲಿಲ್ಲ. ಪಣಂಬೂರಿನಲ್ಲಿ ಸಹಜ ರೇವು ಇರಲಿಲ್ಲ. ದಡದ ನೆಲವನ್ನೇ ಅಗೆದು ಕಡಲನ್ನು ಒಳಕ್ಕೆ ಕರೆದರು. 1974ರ ಮೇ 4ರಂದು ಅದು ದೇಶದ ಒಂಬತ್ತನೆಯ ಮಹಾಬಂದರು ಎಂದು ಘೋಷಣೆಯಾಯಿತು, 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು.

ಅಗೆದ ಆ ನೆಲ ಖಾಲಿ ಜಾಗವಾಗಿರಲಿಲ್ಲ, ಅಲ್ಲಿ ಜನ ಬದುಕಿದ್ದರು. ಬಂದರಿಗಾಗಿ ಮನೆ, ಗದ್ದೆ ಬಿಟ್ಟೆದ್ದವರು ಕಾಟಿಪಳ್ಳ, ಕೃಷ್ಣಾಪುರದ ಕಡೆ ಹೊಸದಾಗಿ ಬದುಕು ಕಟ್ಟಿಕೊಂಡರು. ಬಂದರಿನ ಬಗ್ಗೆ ಮಾತಾಡುವಾಗ ಟನ್ನುಗಳ ಲೆಕ್ಕಕ್ಕಿಂತ ಮೊದಲು ಇವರ ಹೆಸರು ಬರಬೇಕು.

ಕುದುರೆಮುಖದ ಕಬ್ಬಿಣದ ಅದಿರು ನೀರಿನೊಂದಿಗೆ ಬೆರೆತು ಕೊಳವೆಯಲ್ಲಿ ಘಟ್ಟ ಇಳಿದು ಇಲ್ಲಿಗೆ ಬರುತ್ತಿತ್ತು. 2005ರ ಕೊನೆಗೆ ಅಲ್ಲಿನ ಗಣಿಗಾರಿಕೆ ನಿಂತಿತು. ಈಗ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರಕ್ಕೆ ಕಚ್ಚಾ ತೈಲ, ಜೊತೆಗೆ ಅಡುಗೆ ಅನಿಲ, ಕಲ್ಲಿದ್ದಲು ಇಳಿಯುತ್ತವೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಹಡಗು ಹತ್ತುತ್ತದೆ.

ಹಳೆ ಬಂದರು ಇದರಿಂದ ಸತ್ತುಹೋಗಿಲ್ಲ. ಬೆಳಗಿನ ಜಾವ ಮೀನುಗಾರಿಕೆ ದೋಣಿಗಳು ನಿಲ್ಲುವ ದಕ್ಕೆಗೆ ಹೋದರೆ ಕಾಲಿಡಲು ಜಾಗ ಸಿಗುವುದಿಲ್ಲ. ಬಂಗುಡೆ, ಬೂತಾಯಿ ತುಂಬಿದ ಬುಟ್ಟಿಗಳು, ಪುಡಿ ಮಾಡಿದ ಮಂಜುಗಡ್ಡೆ, ಏಲಂ ಕೂಗುವವರ ತುಳು, ಬ್ಯಾರಿ, ಕನ್ನಡ ಎಲ್ಲ ಒಟ್ಟಿಗೆ. ಸ್ವಲ್ಪ ಆಚೆ ಲಕ್ಷದ್ವೀಪಕ್ಕೆ ಸರಕು ಒಯ್ಯಲು ಹೊರಟ ಮಂಜಿ ಎಂಬ ದೊಡ್ಡ ದೋಣಿಗಳು ನಿಂತಿರುತ್ತವೆ. ಸಿಮೆಂಟು, ಜಲ್ಲಿ, ಅಕ್ಕಿ, ತರಕಾರಿ ಒಂದೊಂದೇ ಒಳಗೆ ಹೋಗುತ್ತದೆ. ಆ ದ್ವೀಪಗಳಲ್ಲಿ ಮನೆ ಕಟ್ಟುವ ಜಲ್ಲಿಯೂ ಈ ದಡದಿಂದ ಹೋಗುತ್ತದೆ.

ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ದಕ್ಕೆ ಭಣಭಣ. ಹಾಗಾಗಿ ಮಳೆಗಾಲ ಕಳೆದು ಬನ್ನಿ. ಬೆಳಿಗ್ಗೆ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ನಡೆದೇ ದಕ್ಕೆಗೆ ಹೋಗಿ, ಅಲ್ಲಿಂದ ಊರಿನವರ ಜೊತೆ ದೋಣಿ ಹತ್ತಿ ಬೆಂಗ್ರೆಗೆ ದಾಟಿ. ಹೊಸ ಬಂದರಿನ ಒಳಗೆ ಪಾಸ್ ಇಲ್ಲದೆ ಬಿಡುವುದಿಲ್ಲ. ಹಡಗು ನೋಡುವ ಆಸೆಯಿದ್ದರೆ ಸಂಜೆ ಪಣಂಬೂರು ಬೀಚಿಗೆ ಹೋಗಿ, ಸರದಿಗಾಗಿ ಹೊರಗೆ ಕಾಯುತ್ತಿರುವ ಹಡಗುಗಳು ಅಲ್ಲಿಂದ ಕಾಣುತ್ತವೆ.