ಅಯ್ಯನವರು ಕಲಿಸಿದ ಒಂದು ಪದ

ನಮಗೆ ಗ್ರೀಕ್ ಕಲಿಸಿದ ಅಯ್ಯನವರು ಹೋದ ತಿಂಗಳು ತೀರಿಕೊಂಡರು. ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿಯಲ್ಲಿ ಓದಿದ ಪಾಠಗಳು ಹೆಚ್ಚಿನವು ಮರೆತೇ ಹೋಗಿವೆ. ಒಂದು ಪದ ಮಾತ್ರ ನನ್ನನ್ನು ಬಿಟ್ಟಿಲ್ಲ. ಎಪಿಯೂಸಿಯೋಸ್.

ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ‘ಅನುದಿನದ ಆಹಾರ’ ಅನ್ನುತ್ತೇವಲ್ಲ, ಆ ‘ಅನುದಿನದ’ ಜಾಗದಲ್ಲಿ ಗ್ರೀಕಿನಲ್ಲಿರುವ ವಿಶೇಷಣ ಅದು. ಹೊಸ ಒಡಂಬಡಿಕೆಯಲ್ಲಿ ಬರುವುದು ಎರಡೇ ಕಡೆ: ಮತ್ತಾಯ 6:11, ಲೂಕ 11:3. ಗ್ರೀಕಿನಲ್ಲೇ ಬರೆಯುತ್ತಿದ್ದ ಮೂರನೇ ಶತಮಾನದ ಕ್ರೈಸ್ತ ವಿದ್ವಾಂಸ ಒರಿಗೆನನಿಗೂ ಇದು ಹೊಸದು. ಜನರ ಬಾಯಲ್ಲಿಲ್ಲ, ಸುವಾರ್ತೆ ಬರೆದವರೇ ಕಟ್ಟಿದ್ದಿರಬೇಕು ಎಂದ. ‘ಎಪಿ’ ಎಂಬ ಉಪಸರ್ಗಕ್ಕೆ ‘ಇರುವಿಕೆ’ ಎಂಬರ್ಥದ ‘ಊಸಿಯಾ’ ಸೇರಿತು ಅಂದರೆ ‘ಬದುಕಿಗೆ ಬೇಕಾದಷ್ಟು’. ‘ಬರುವುದು’ ಎಂಬ ಕ್ರಿಯಾಪದದಿಂದ ಹುಟ್ಟಿತು ಅಂದರೆ ‘ನಾಳೆಯ’. ಬೈಬಲನ್ನು ಲ್ಯಾಟಿನ್‌ಗೆ ತಂದ ಜೆರೋಮನ ಅನುವಾದದಲ್ಲಿ ಲೂಕನಿಗೆ ‘ದಿನನಿತ್ಯದ’, ಮತ್ತಾಯನಿಗೆ ‘ಎಲ್ಲ ವಸ್ತುವಿಗೂ ಮೀರಿದ’!

ಈಗಿನ ಹುಡುಗರು ಮೊಬೈಲ್ ಒತ್ತಿ, ಸಿಕ್ಕಿದ ಮೊದಲ ಅರ್ಥ ಬರೆದುಕೊಂಡು ಮುಂದೆ ಹೋಗುತ್ತಾರೆ. ನಮಗೆ ಈ ಒಂದು ಪದಕ್ಕೆ ಒಂದು ವಾರ ಹಿಡಿಯಿತು.

ಆ ವಾರವೇ ನಾವು ಮೂವರು ಮೆಸ್ಸಿನ ಬೋರ್ಡಿನಲ್ಲಿ ಸೀಮೆಸುಣ್ಣದಿಂದ ಬರೆದೆವು: ‘ಟ್ರೋಫೆ ಎಪಿಯೂಸಿಯಾ’. ಟ್ರೋಫೆ ಅಂದರೆ ಊಟ. ನಿನ್ನೆಯ ಗಂಜಿ, ನಾಳೆಯೂ ಇದೇ ಅನ್ನೋ ಅರ್ಥದಲ್ಲಿ. ಅಯ್ಯನವರು ಊಟಕ್ಕೆ ಬಂದವರು ಬೋರ್ಡಿನ ಮುಂದೆ ನಿಂತರು. ನಮಗೆ ಕೈಕಾಲು ತಣ್ಣಗಾಯಿತು. ಅವರು ಕಿರುಬೆರಳಿಂದ ಕೊನೆಯ ಅಕ್ಷರ ಒರೆಸಿ, ‘ಓಸ್’ ಬರೆದರು. “ಟ್ರೋಫೆ ಸ್ತ್ರೀಲಿಂಗ, ಸರಿ. ಆದರೆ ಇಂಥ ಕೂಡುಪದಕ್ಕೆ ಬೇರೆ ಸ್ತ್ರೀಲಿಂಗ ರೂಪ ಇಲ್ಲ ಮಾರಾಯ,” ಅಂದು ತಟ್ಟೆ ಹಿಡಿದು ಕೂತರು. ನಮ್ಮ ಜೊತೆ ಅದೇ ಗಂಜಿ ಉಂಡರು.

ಈಜಿಪ್ಟಿನಲ್ಲಿ ಸಿಕ್ಕಿದ ಒಂದು ಮನೆಖರ್ಚಿನ ಪಟ್ಟಿಯಲ್ಲೂ ಈ ಪದವಿದೆ ಎಂದು ಅವರು ಹೇಳುತ್ತಿದ್ದರು. ಆ ಪಟ್ಟಿ ಮೊದಲು ಅಚ್ಚಾದದ್ದು 1889ರಲ್ಲಿ, ಮತ್ತೆ 1915ರಲ್ಲಿ. ಆಮೇಲೆ ಮೂಲ ಹಾಳೆಯೇ ಕಾಣೆಯಾಯಿತು. 1998ರಲ್ಲಿ ಅದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸಿಕ್ಕಿತು. ಮತ್ತೆ ಓದಿ ನೋಡಿದರೆ ಅಲ್ಲಿದ್ದದ್ದು ‘ಎಣ್ಣೆ’! ಇದನ್ನು ಅವರಿಗೆ ಮೊದಲು ತಿಳಿಸಿದವನು ನಾನು. ಆ ಹೆಮ್ಮೆ ನನಗೆ ಇವತ್ತಿಗೂ ಇದೆ. ನಿವೃತ್ತರಾಗಿದ್ದ ಅಯ್ಯನವರು ಜಗಲಿಯಲ್ಲಿ ಕೂತು ಎರಡು ಸಲ ಕೇಳಿದರು, “ಎಣ್ಣೆಯಾ? ಸರಿಯಾಗಿ ಓದಿದೆಯಾ?”

ಅವರ ಗ್ರೀಕ್ ಹೊಸ ಒಡಂಬಡಿಕೆಯನ್ನು ಮೊನ್ನೆ ಅವರ ಮಗಳು ನನ್ನ ಕೈಗಿಟ್ಟರು. ಮತ್ತಾಯ ಆರನೇ ಅಧ್ಯಾಯದ ಅಂಚಿನಲ್ಲಿ ‘1915’ ಎಂದಿದೆ. ಅದರ ಮೇಲೊಂದು ಗೀಟು. ಪಕ್ಕದಲ್ಲಿ ಪೆನ್ಸಿಲಿನಲ್ಲಿ, ನಡುಗುವ ಕೈಯಲ್ಲಿ ಬರೆದ ‘ಎಣ್ಣೆ’.