ಸೊನ್ನೆ ರೇಖಾಂಶ: ಉಜ್ಜಯಿನಿಯಿಂದ ಗ್ರೀನಿಚ್‌ವರೆಗೆ

ಅಕ್ಷಾಂಶ, ರೇಖಾಂಶಗಳನ್ನು ಶಾಲೆಯಲ್ಲಿ ಒಂದೇ ಪಾಠದಲ್ಲಿ ಕಲಿಸಿ ಮುಗಿಸುವುದರಿಂದ, ಅವುಗಳ ಸೊನ್ನೆಗಳು ಹುಟ್ಟಿದ ಬಗೆಯೇ ಬೇರೆ ಬೇರೆ ಎಂಬುದು ಮಕ್ಕಳ ಗಮನಕ್ಕೆ ಬರುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಭೂಪಟದ ಗೆರೆಗಳು ನಿಜವಾಗಿ ಅರ್ಥವಾಗುವುದಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ.

ಅಕ್ಷಾಂಶದ ಸೊನ್ನೆಯನ್ನು ಯಾರೂ ಆರಿಸಬೇಕಾಗಲಿಲ್ಲ. ಭೂಮಿ ತನ್ನ ಅಕ್ಷದ ಮೇಲೆ ತಿರುಗುವುದರಿಂದ ಎರಡು ಧ್ರುವಗಳು ತಾವಾಗಿಯೇ ಏರ್ಪಟ್ಟಿವೆ. ಅವೆರಡರಿಂದಲೂ ಸಮದೂರದಲ್ಲಿರುವುದೇ ಸಮಭಾಜಕ ವೃತ್ತ. ಆದ್ದರಿಂದ ಅಕ್ಷಾಂಶವನ್ನು ಆಕಾಶ ನೋಡಿಯೇ ಅಳೆಯಬಹುದು. ಬೆಂಗಳೂರಿನಲ್ಲಿ ಧ್ರುವನಕ್ಷತ್ರವು ಉತ್ತರ ದಿಗಂತದಿಂದ ಸುಮಾರು 13 ಡಿಗ್ರಿ ಮೇಲೆ, ಅಂದರೆ ಚಾಚಿದ ಕೈಯ ಮುಷ್ಟಿಯ ಅಗಲಕ್ಕಿಂತ ತುಸು ಎತ್ತರದಲ್ಲಿ ಇರುತ್ತದೆ. ಊರಿನ ಅಕ್ಷಾಂಶವೂ ಸುಮಾರು 13 ಡಿಗ್ರಿಯೇ.

ರೇಖಾಂಶಕ್ಕೆ ಇಂತಹ ಆಸರೆಯಿಲ್ಲ. ಧ್ರುವದಿಂದ ಧ್ರುವಕ್ಕೆ ಎಳೆದ ಯಾವ ಗೆರೆಯನ್ನಾದರೂ ಸೊನ್ನೆಯೆಂದು ಹಿಡಿಯಬಹುದು. ನಮ್ಮ ಜ್ಯೋತಿಷ್ಯ ಗಣಿತವು ಉಜ್ಜಯಿನಿಯ ಮೂಲಕ ಹಾಯುವ ಗೆರೆಯನ್ನು ಹಿಡಿಯಿತು. ಆ ಗೆರೆ ಸಮಭಾಜಕ ವೃತ್ತವನ್ನು ಸಂಧಿಸುವ ಬಿಂದುವನ್ನು 'ಲಂಕೆ' ಎಂದು ಕರೆದರು. ಇದು ಗಣಿತಕ್ಕಾಗಿ ಕಲ್ಪಿಸಿಕೊಂಡ ಸ್ಥಳ, ಇಂದಿನ ಶ್ರೀಲಂಕಾ ಅಲ್ಲ. ಅದೇ ಗೆರೆಯನ್ನು ಉಜ್ಜಯಿನಿಯಿಂದ ನೇರ ದಕ್ಷಿಣಕ್ಕೆ ಎಳೆದರೆ ಹರಿಹರ, ಚಿಕ್ಕಮಗಳೂರುಗಳ ಆಸುಪಾಸಿನಲ್ಲೇ ಹಾದುಹೋಗುತ್ತದೆ. ಗೆರೆಯಿಂದ ಪೂರ್ವಕ್ಕೋ ಪಶ್ಚಿಮಕ್ಕೋ ಇರುವ ಊರುಗಳಿಗೆ ಪಂಚಾಂಗಕಾರರು 'ದೇಶಾಂತರ ಸಂಸ್ಕಾರ', ಅಂದರೆ ಆ ದೂರಕ್ಕೆ ತಕ್ಕ ಸಮಯದ ತಿದ್ದುಪಡಿ, ಮಾಡುತ್ತಿದ್ದರು. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಬೆಂಗಳೂರು ಉಜ್ಜಯಿನಿಗಿಂತ ಸುಮಾರು 1.8 ಡಿಗ್ರಿ ಪೂರ್ವಕ್ಕಿರುವುದರಿಂದ ಇಲ್ಲಿ ಮಧ್ಯಾಹ್ನ ಏಳು ನಿಮಿಷ ಮೊದಲೇ ಆಗುತ್ತದೆ.

ಯುರೋಪಿನಲ್ಲಿ ಪ್ಯಾರಿಸ್ ಮುಂತಾದ ಊರುಗಳಿಗೂ ತಮ್ಮದೇ ಸೊನ್ನೆಗಳಿದ್ದವು. ರೈಲು, ತಂತಿ, ಹಡಗುಗಳ ಕಾಲದಲ್ಲಿ ಈ ಗೊಂದಲ ದುಬಾರಿಯಾಯಿತು. 1884ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನಲ್ಲಿ 25 ದೇಶಗಳ ಪ್ರತಿನಿಧಿಗಳು ಸೇರಿ ಲಂಡನ್ ಬಳಿಯ ಗ್ರೀನಿಚ್ ವೀಕ್ಷಣಾಲಯದ ಗೆರೆಯನ್ನು ಒಪ್ಪಿದರು. ಹಡಗುಗಳಲ್ಲಿ ಬಹುಪಾಲು ಆಗಲೇ ಗ್ರೀನಿಚ್ ಆಧಾರದ ನಕ್ಷೆಗಳನ್ನು ಬಳಸುತ್ತಿದ್ದದ್ದೇ ಇದಕ್ಕೆ ದೊಡ್ಡ ಕಾರಣ. ಮತದಾನದಿಂದ ದೂರ ಉಳಿದ ಫ್ರಾನ್ಸ್, 1911ರವರೆಗೂ ಪ್ಯಾರಿಸ್ ಸಮಯವನ್ನೇ ಪಾಲಿಸಿತು. ಭಾರತದ ಗಡಿಯಾರ ನಿಂತಿರುವುದೂ ಇದೇ ಒಪ್ಪಂದದ ಮೇಲೆ: ನಮ್ಮ ಸಮಯಕ್ಕೆ ಆಧಾರವಾದ 82.5 ಡಿಗ್ರಿ ಪೂರ್ವ ರೇಖಾಂಶವನ್ನು ನಾಲ್ಕರಿಂದ ಗುಣಿಸಿದರೆ 330 ನಿಮಿಷ, ಅಂದರೆ ಐದೂವರೆ ಗಂಟೆ.

ಹೀಗೆ ಒಪ್ಪಿದ ಗೆರೆಯೂ ಕದಲದೆ ಉಳಿಯಲಿಲ್ಲ. ಗ್ರೀನಿಚ್‌ನಲ್ಲಿ ನೆಲದ ಮೇಲೆ ಗುರುತಿಸಿರುವ ಗೆರೆಯ ಮೇಲೆ ನಿಂತು ಜಿಪಿಎಸ್ ನೋಡಿದರೆ ಸೊನ್ನೆ ಕಾಣುವುದಿಲ್ಲ. ಅದಕ್ಕೆ ಸುಮಾರು 102 ಮೀಟರ್ ಪೂರ್ವಕ್ಕೆ ನಡೆಯಬೇಕು. ಹಳೆಯ ದೂರದರ್ಶಕವನ್ನು ಆ ಸ್ಥಳದ ಗುರುತ್ವದ ದಿಕ್ಕಿಗೆ ಹೊಂದಿಸಿದ್ದರು. ಉಪಗ್ರಹಗಳ ಲೆಕ್ಕವಾದರೋ ಇಡೀ ಭೂಮಿಯ ದ್ರವ್ಯರಾಶಿಯ ಕೇಂದ್ರದಿಂದ ಹೊರಡುತ್ತದೆ.