ವಿಶ್ವವಿದ್ಯಾಲಯಗಳಿಗೆ ಸ್ವಂತ ಫೈಬರ್ ಏಕೆ ಬೇಕು: ಮಿಶಿಗನ್‌ನ ಅನುಭವ ಮತ್ತು ನಮ್ಮ ಘಟ್ಟದ ದಾರಿ

ಅಮೆರಿಕದ ಮಿಶಿಗನ್ ರಾಜ್ಯದ ಮೂರು ಸರ್ಕಾರಿ ವಿಶ್ವವಿದ್ಯಾಲಯಗಳು ತಮ್ಮ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿಕೊಳ್ಳಬೇಕೆಂದು 1966ರಲ್ಲಿ ಕೂಡಿ ಒಂದು ಸಂಸ್ಥೆಯನ್ನು ಕಟ್ಟಿದವು. ಆನ್ ಆರ್ಬರ್‌ನ ಮಿಶಿಗನ್ ವಿಶ್ವವಿದ್ಯಾಲಯ, ಈಸ್ಟ್ ಲ್ಯಾನ್ಸಿಂಗ್‌ನ ಮಿಶಿಗನ್ ಸ್ಟೇಟ್ ಮತ್ತು ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ಸೇರಿ ಹುಟ್ಟುಹಾಕಿದ ಆ ಸಂಸ್ಥೆಯೇ ಇಂದಿನ ಮೆರಿಟ್ ನೆಟ್‌ವರ್ಕ್. ಇಂಟರ್ನೆಟ್‌ನ ಪೂರ್ವಜನಾದ ಅರ್ಪಾನೆಟ್ ಜಾಲದ ಮೊದಲ ಸಂದೇಶ ಹೊರಟದ್ದು ಇದಾದ ಮೂರು ವರ್ಷಗಳ ನಂತರ, 1969ರಲ್ಲಿ. ಮೆರಿಟ್‌ನ ಮೊದಲ ಸಂಪರ್ಕ ಕೈಗೂಡಿದ್ದು 1971ರ ಕೊನೆಗೆ. ಮುಂದೆ 1987ರಲ್ಲಿ ಇದೇ ಸಂಸ್ಥೆ ಐಬಿಎಂ ಮತ್ತು ಎಂಸಿಐ ಕಂಪನಿಗಳ ಜೊತೆಗೂಡಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಎನ್ಎಸ್ಎಫ್‌ನೆಟ್ ಬೆನ್ನೆಲುಬನ್ನು ನಡೆಸುವ ಹೊಣೆ ಹೊತ್ತಿತು, ಮತ್ತು ಆ ಜಾಲ 1995ರಲ್ಲಿ ನಿಂತುಹೋಗುವವರೆಗೂ ಅದನ್ನು ನಿಭಾಯಿಸಿತು.

ನಾನು ಅಮೆರಿಕದಲ್ಲೇ ಇನ್ನೊಂದು ರಾಜ್ಯದ, ಇದೇ ಬಗೆಯ ಜಾಲವೊಂದರ ಕಾರ್ಯಾಚರಣೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಊರಿನ ಕಡೆ ಕಾಲೇಜುಗಳಲ್ಲಿ ಪಾಠ ಮಾಡುವ ಗೆಳೆಯರು ಮಾತಿಗೆ ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: ಇಷ್ಟೊಂದು ಕಂಪನಿಗಳು ಇಷ್ಟು ಅಗ್ಗದಲ್ಲಿ ಇಂಟರ್ನೆಟ್ ಕೊಡುತ್ತಿರುವಾಗ ವಿಶ್ವವಿದ್ಯಾಲಯಗಳಿಗೆ ಬೇರೆಯದೇ ಜಾಲ ಏಕೆ? ಈ ಪ್ರಶ್ನೆಗೆ ಸಾವಧಾನವಾಗಿ ಉತ್ತರ ಬರೆಯಬೇಕೆಂಬುದು ಬಹಳ ದಿನಗಳ ಆಸೆಯಾಗಿತ್ತು.

ಸಾಮಾನ್ಯ ಇಂಟರ್ನೆಟ್ ಕಂಪನಿಯ ಜಾಲದಲ್ಲಿ ಲಕ್ಷಾಂತರ ಜನರ ಸಣ್ಣಸಣ್ಣ ಹರಿವುಗಳಿರುತ್ತವೆ. ಒಬ್ಬರ ವಿಡಿಯೊ ಅರೆಕ್ಷಣ ತಡೆದರೆ ಅದು ಇನ್ನೊಬ್ಬರ ಗಮನಕ್ಕೂ ಬರುವುದಿಲ್ಲ. ಸಂಶೋಧನಾ ಜಾಲದಲ್ಲಿ ಹರಿವುಗಳ ಸಂಖ್ಯೆ ಕಡಿಮೆ, ಒಂದೊಂದರ ಗಾತ್ರ ಅಗಾಧ. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಪ್ರೋಟಾನುಗಳು ಡಿಕ್ಕಿ ಹೊಡೆದಾಗ ಹುಟ್ಟುವ ದತ್ತಾಂಶದಲ್ಲಿ ಅಟ್ಲಾಸ್ ಪ್ರಯೋಗದ ಒಂದು ಪಾಲನ್ನು ಮಿಶಿಗನ್‌ನ ಎರಡು ವಿಶ್ವವಿದ್ಯಾಲಯಗಳು ಸೇರಿ ನಡೆಸುವ ಕಂಪ್ಯೂಟರ್ ಕೇಂದ್ರ ಸಂಗ್ರಹಿಸಿ ವಿಶ್ಲೇಷಿಸುತ್ತದೆ. ಅಟ್ಲಾಂಟಿಕ್ ದಾಟಿ ಬರುವ ಇಂಥ ಹರಿವಿನಲ್ಲಿ ಒಂದು ಪ್ಯಾಕೆಟ್, ಅಂದರೆ ದತ್ತಾಂಶದ ಒಂದು ಸಣ್ಣ ತುಣುಕು, ಹೋಗಿ ಅದರ ಸ್ವೀಕೃತಿ ಮರಳಿ ಬರಲು ನೂರು ಮಿಲಿಸೆಕೆಂಡಿನ ಆಸುಪಾಸು ಸಮಯ ಹಿಡಿಯುತ್ತದೆ. ದಾರಿಯಲ್ಲಿ ಒಂದು ಪ್ಯಾಕೆಟ್ ಕಳೆದುಹೋದರೂ ಕಳುಹಿಸುವ ಯಂತ್ರ ಜಾಲದಲ್ಲಿ ದಟ್ಟಣೆಯಾಗಿದೆಯೆಂದು ಭಾವಿಸಿ ತನ್ನ ವೇಗವನ್ನು ಥಟ್ಟನೆ ತಗ್ಗಿಸುತ್ತದೆ; ದೂರ ಹೆಚ್ಚಿದಷ್ಟೂ ಆ ವೇಗ ಮತ್ತೆ ಮೇಲೇರಲು ಹೆಚ್ಚು ಹೊತ್ತು ಬೇಕಾಗುತ್ತದೆ. ಅಮೆರಿಕದ ಇಂಧನ ಇಲಾಖೆಯ ಸಂಶೋಧನಾ ಜಾಲವಾದ ಇಎಸ್‌ನೆಟ್‌ನ ಎಂಜಿನಿಯರುಗಳು ಪ್ರಕಟಿಸಿದ ಒಂದು ಪ್ರಕರಣವನ್ನು ನಮ್ಮ ವೃತ್ತಿಯಲ್ಲಿರುವವರೆಲ್ಲ ಬಲ್ಲರು. ಅವರ ರೌಟರಿನ ಕಾರ್ಡೊಂದು ಕೆಡುತ್ತ ಬಂದು 22,000 ಪ್ಯಾಕೆಟ್‌ಗಳಲ್ಲಿ ಒಂದನ್ನು ಮಾತ್ರ ಬೀಳಿಸುತ್ತಿತ್ತು. ರೌಟರ್ ತನ್ನಲ್ಲಿ ದೋಷವಿದೆಯೆಂದು ಎಲ್ಲಿಯೂ ದಾಖಲಿಸಲಿಲ್ಲ. ಆದರೂ ದೂರದ ವರ್ಗಾವಣೆಗಳ ವೇಗ ನೆಲಕಚ್ಚಿತ್ತು. ದೋಷ ಬಯಲಾದದ್ದು ಜಾಲದ ಉದ್ದಕ್ಕೂ ಸತತವಾಗಿ ಪರೀಕ್ಷೆ ನಡೆಸುವ ಪರ್ಫ್‌ಸೋನಾರ್ ಎಂಬ ಮಾಪನ ವ್ಯವಸ್ಥೆಯಿಂದ. ಇಷ್ಟು ಸಣ್ಣ ನಷ್ಟವನ್ನು ಹುಡುಕಿ ಸರಿಪಡಿಸುವ ಗರಜು ಮನೆಮನೆಗೆ ಇಂಟರ್ನೆಟ್ ಮಾರುವ ಕಂಪನಿಗೆ ಇರುವುದಿಲ್ಲ. ಅದು ಅವರ ತಪ್ಪೂ ಅಲ್ಲ, ಅವರ ಗಿರಾಕಿಗಳ ಅಗತ್ಯವೇ ಬೇರೆ.

ಎರಡನೆಯ ಕಾರಣ ಒಡೆತನಕ್ಕೆ ಸಂಬಂಧಿಸಿದ್ದು, ಮತ್ತು ನನ್ನ ಮಟ್ಟಿಗೆ ಇದೇ ಮುಖ್ಯವಾದದ್ದು. ಬ್ಯಾಂಡ್‌ವಿಡ್ತ್ ಬಾಡಿಗೆಗೆ ಪಡೆಯುವುದು ಒಂದು ವಿಧ; ದೀಪವಿಲ್ಲದ ಬರಿಯ ಗಾಜಿನ ಎಳೆಯನ್ನು, ಅಂದರೆ ಡಾರ್ಕ್ ಫೈಬರನ್ನು, ಪಡೆದು ಅದರ ಎರಡೂ ತುದಿಗೆ ನಮ್ಮದೇ ಉಪಕರಣ ಇಡುವುದು ಇನ್ನೊಂದು ವಿಧ. ಹೊಲ ಸ್ವಂತದ್ದಾದರೆ ಕಾಲಕ್ಕೆ ತಕ್ಕಂತೆ ಬೆಳೆ ಬದಲಿಸಬಹುದು, ಗೇಣಿಗೆ ಪಡೆದದ್ದಾದರೆ ಪ್ರತಿ ಸಲವೂ ಕೇಳಬೇಕು. ಒಂದು ಜೊತೆ ಎಳೆಯಲ್ಲಿ ಬೇರೆಬೇರೆ ತರಂಗಾಂತರದ ಬೆಳಕನ್ನು ಒಟ್ಟಿಗೆ ಹರಿಸುವ ಡಿಡಬ್ಲ್ಯೂಡಿಎಂ ತಂತ್ರದಿಂದ 40 ಅಥವಾ 80 ಚಾನೆಲ್‌ಗಳನ್ನು ಕಳುಹಿಸಬಹುದು. ಹತ್ತು ಗಿಗಾಬಿಟ್‌ನ ಚಾನೆಲ್ ನೂರು ಗಿಗಾಬಿಟ್ ಆದದ್ದು, ನೂರು ನಾನೂರಾದದ್ದು ತುದಿಯ ಉಪಕರಣ ಬದಲಾದದ್ದರಿಂದ. ನೆಲದಲ್ಲಿರುವ ಗಾಜು ಅದೇ. ಉಪಕರಣಕ್ಕೆ ಏಳೆಂಟು ವರ್ಷ, ಹೆಚ್ಚೆಂದರೆ ಹತ್ತು ವರ್ಷ ಆಯುಷ್ಯ. ಗಾಜು ಅದರ ಎರಡು ಮೂರು ಪಟ್ಟು ಬಾಳುತ್ತದೆ. ಹಾಗಾಗಿಯೇ ಪ್ರಾದೇಶಿಕ ಜಾಲಗಳು ಸ್ವತಃ ಕೇಬಲ್ ಹೂಳದ ಕಡೆಗಳಲ್ಲಿ ಟೆಲಿಕಾಂ ಕಂಪನಿಯಿಂದಲೋ ವಿದ್ಯುತ್ ಕಂಪನಿಯಿಂದಲೋ ಒಂದೆರಡು ಎಳೆಗಳ ಬಳಕೆಯ ಹಕ್ಕನ್ನು ಸುಮಾರು 20 ವರ್ಷಗಳ ಮಟ್ಟಿಗೆ ಕೊಂಡುಬಿಡುತ್ತವೆ. ಇದಕ್ಕೆ ಐಆರ್‌ಯು ಎಂದು ಹೆಸರು. ಹಣದ ಬಹುಪಾಲನ್ನು ಮೊದಲೇ ಕೊಡಬೇಕು, ಆಮೇಲೆ ವರ್ಷಾವರ್ಷ ನಿರ್ವಹಣೆಯ ಶುಲ್ಕ. ಮಿಶಿಗನ್‌ನ ಅದೇ ಮೂರು ವಿಶ್ವವಿದ್ಯಾಲಯಗಳು ಈ ಶತಮಾನದ ಮೊದಲ ದಶಕದಲ್ಲಿ ಷಿಕಾಗೊದವರೆಗೆ ಫೈಬರ್ ಪಡೆದು ಮಿಶಿಗನ್ ಲ್ಯಾಂಬ್ಡಾರೈಲ್ ಎಂಬ ಜಾಲವನ್ನು ಮಾಡಿಕೊಂಡವು. ಷಿಕಾಗೊ ತಲುಪಿದರೆ ದೇಶವಿದೇಶಗಳ ಸಂಶೋಧನಾ ಜಾಲಗಳೆಲ್ಲ ಒಂದೆಡೆ ಸಿಗುತ್ತವೆ.

ಕಟ್ಟುವ ಕೆಲಸದ ನಿಜವಾದ ಭಾರ ತಿಳಿಯಬೇಕಾದರೆ 2010ರ ನಂತರದ ಮೂರ್ನಾಲ್ಕು ವರ್ಷಗಳಲ್ಲಿ ಮೆರಿಟ್ ಕೈಗೊಂಡ ರೀಚ್-3ಎಂಸಿ ಯೋಜನೆಯನ್ನು ನೋಡಬೇಕು. ಆರ್ಥಿಕ ಕುಸಿತದ ನಂತರ ಅಮೆರಿಕದ ಕೇಂದ್ರ ಸರ್ಕಾರ ಬ್ರಾಡ್‌ಬ್ಯಾಂಡ್ ವಿಸ್ತರಣೆಗೆಂದು ತೆಗೆದಿರಿಸಿದ ಅನುದಾನದಲ್ಲಿ ಸುಮಾರು ಹತ್ತು ಕೋಟಿ ಡಾಲರ್ ಇದಕ್ಕೆ ದೊರೆಯಿತು, ಎರಡು ಸಾವಿರ ಮೈಲಿಗೂ ಹೆಚ್ಚು ಫೈಬರ್ ಮಿಶಿಗನ್‌ನ ಹಳ್ಳಿಗಾಡಿನ ಜಿಲ್ಲೆಗಳಿಗೆ ಹೋಯಿತು. ಇಂಥ ಯೋಜನೆಯಲ್ಲಿ ಕೇಬಲ್ ಎಳೆಯುವುದಕ್ಕಿಂತ ಅನುಮತಿ ಪಡೆಯುವುದಕ್ಕೇ ಹೆಚ್ಚು ಕಾಲ ಬೇಕು. ಹೆದ್ದಾರಿಯ ಅಂಚು ಒಬ್ಬರದು, ರೈಲು ಹಳಿ ದಾಟಲು ಇನ್ನೊಬ್ಬರನ್ನು ಕೇಳಬೇಕು, ಜೌಗು ನೆಲವಾದರೆ ಪರಿಸರ ಇಲಾಖೆ, ಕಂಬಗಳ ಮೇಲೆ ಹೋಗುವುದಾದರೆ ಅವುಗಳ ಮೇಲೆ ಮೊದಲೇ ಇರುವ ತಂತಿಗಳನ್ನು ಸರಿಸಿ ಜಾಗ ಮಾಡಿಕೊಡಲು ವಿದ್ಯುತ್ ಕಂಪನಿ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವುದರಿಂದ ಅಗೆಯುವ ತಿಂಗಳುಗಳೂ ಎಣಿಕೆಯವು.

ಇಷ್ಟೆಲ್ಲ ಆದ ಮೇಲೆ ಸ್ಪ್ಲೈಸಿಂಗ್, ಅಂದರೆ ಎಳೆಗೆ ಎಳೆ ಬೆಸೆಯುವುದು. ರಸ್ತೆ ಬದಿಯಲ್ಲಿ ನಿಲ್ಲಿಸಿದ ವ್ಯಾನಿನೊಳಗೆ, ಪುಟ್ಟ ಮೇಜಿನ ಮುಂದೆ ಕೂತು ಮಾಡುವ ಕೆಲಸ ಅದು. ಕೇಬಲ್‌ನ ಕರಿಯ ಹೊದಿಕೆ ಸುಲಿದು, ಒಳಗಿನ ಜೆಲ್ ಒರೆಸಿ, ಬಣ್ಣಬಣ್ಣದ ಎಳೆಗಳನ್ನು ನೀಲಿ, ಕಿತ್ತಳೆ, ಹಸಿರು, ಕಂದು ಎಂಬ ನಿಗದಿತ ಕ್ರಮದಲ್ಲಿ ಬಿಡಿಸಿಕೊಳ್ಳಬೇಕು. ಎಳೆಯ ಲೇಪನ ಕಿತ್ತಾಗ ಉಳಿಯುವ ಗಾಜು 125 ಮೈಕ್ರಾನ್ ದಪ್ಪ. ಬೆಳಕು ಹರಿಯುವ ನಡುಭಾಗ ಸುಮಾರು 9 ಮೈಕ್ರಾನ್. ಅದನ್ನು ಸ್ಪಿರಿಟ್‌ನಿಂದ ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿ, ಯಂತ್ರದಲ್ಲಿ ಎದುರುಬದುರು ಇಟ್ಟರೆ ವಿದ್ಯುತ್ ಕಿಡಿಯೊಂದು ಎರಡನ್ನೂ ಕರಗಿಸಿ ಬೆಸೆಯುತ್ತದೆ. ಪರದೆಯ ಮೇಲೆ 0.02 ಡೆಸಿಬಲ್ ನಷ್ಟವೆಂದು ಕಂಡರೆ ಒಳ್ಳೆಯ ಬೆಸುಗೆ, 0.1 ದಾಟಿದರೆ ಮುರಿದು ಮತ್ತೆ ಮಾಡುವುದು. ಇಷ್ಟು ಚೌಕಾಸಿ ಏಕೆಂದರೆ ಗಾಜೇ ಕಿಲೋಮೀಟರಿಗೆ 0.2 ಡೆಸಿಬಲ್‌ನಷ್ಟು ಬೆಳಕನ್ನು ನುಂಗುತ್ತದೆ. 80 ಕಿಲೋಮೀಟರ್ ಹೋಗುವಷ್ಟರಲ್ಲಿ ನಲವತ್ತರಲ್ಲಿ ಒಂದು ಪಾಲು ಬೆಳಕಷ್ಟೇ ಉಳಿದಿರುತ್ತದೆ. ಆ ದೂರಕ್ಕೊಂದರಂತೆ ಬೆಳಕಿಗೆ ಮತ್ತೆ ಬಲ ತುಂಬುವ ಆಂಪ್ಲಿಫಯರ್ ಇಡಲು ಒಂದು ಸಣ್ಣ ಕಟ್ಟಡ, ಕರೆಂಟು, ಬ್ಯಾಟರಿ, ಜನರೇಟರ್, ಎಸಿ ಬೇಕು. ನಡುವೆ ಕಳಪೆ ಬೆಸುಗೆಗಳು ಹೆಚ್ಚಾದರೆ ಆ 80 ಕಿಲೋಮೀಟರಿನ ಲೆಕ್ಕವೇ ತಪ್ಪುತ್ತದೆ. ಈ ಕೆಲಸದಲ್ಲಿ ನುರಿತವರ ಬಗ್ಗೆ ನನಗೆ ಅಪಾರ ಗೌರವವಿದೆ.

ಜಾಲ ಉದ್ಘಾಟನೆಯಾದ ದಿನದಿಂದ ಕಾರ್ಯಾಚರಣೆ ಶುರು. ಫೈಬರ್ ತುಂಡಾದಾಗ ಒಟಿಡಿಆರ್ ಎಂಬ ಯಂತ್ರ ಒಂದು ತುದಿಯಿಂದ ಬೆಳಕಿನ ಮಿಡಿತ ಕಳುಹಿಸಿ, ಅದು ಚೆದರಿ ಮರಳುವ ಸಮಯದಿಂದ ತುಂಡಾದ ಜಾಗದ ದೂರವನ್ನು ಹೇಳುತ್ತದೆ. ಆದರೆ ಅದು ಹೇಳುವುದು ಗಾಜಿನ ಉದ್ದ, ರಸ್ತೆಯ ಉದ್ದವಲ್ಲ. ಮುಂದೆ ರಿಪೇರಿಗೆ ಬೇಕಾದೀತೆಂದು ಪ್ರತಿ ಚೇಂಬರಿನಲ್ಲೂ ಕೇಬಲ್ಲನ್ನು ಹತ್ತಿಪ್ಪತ್ತು ಮೀಟರ್ ಸುರುಳಿ ಸುತ್ತಿ ಇಟ್ಟಿರುತ್ತಾರೆ. ಆ ಸುರುಳಿಗಳೆಲ್ಲ ಲೆಕ್ಕಕ್ಕೆ ಸೇರುತ್ತವೆ. ನಮ್ಮಲ್ಲಿ ಒಮ್ಮೆ ಇಂಥ ಸುರುಳಿಗಳನ್ನು ಗುತ್ತಿಗೆದಾರರು ನಕ್ಷೆಯಲ್ಲಿ ನಮೂದಿಸಿರಲಿಲ್ಲ. ಯಂತ್ರ ತೋರಿಸಿದ ದೂರವನ್ನು ನಂಬಿ ರಿಪೇರಿ ತಂಡ ರಾತ್ರಿಯ ಮಳೆಯಲ್ಲಿ ಒಂದು ಜೋಳದ ಹೊಲದ ಅಂಚನ್ನೆಲ್ಲ ಹುಡುಕಿತು. ಕೇಬಲ್ ತುಂಡಾಗಿದ್ದದ್ದು ಅಲ್ಲಿಗಿಂತ ಸಾಕಷ್ಟು ಹಿಂದೆ, ಚರಂಡಿ ದುರಸ್ತಿಗೆಂದು ಅಗೆದಿದ್ದ ಒಂದು ಸೇತುವೆಯ ಬುಡದಲ್ಲಿ. ಆ ಬಳಿಕ ಪ್ರತಿ ಚೇಂಬರಿನ ಫೋಟೊ ಮತ್ತು ಕೇಬಲ್ ಮೇಲೆ ಅಚ್ಚಾಗಿರುವ ಮೀಟರ್ ಅಂಕಿಯನ್ನು ದಾಖಲಿಸದೆ ಬಿಲ್ ಪಾಸು ಮಾಡಬಾರದೆಂಬ ನಿಯಮ ಬಂದಿತು. ಜಾಲದ ಆರೋಗ್ಯ ದಾಖಲೆಗಳ ಅಚ್ಚುಕಟ್ಟಿನಲ್ಲಿದೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಅಗೆತದಿಂದ ಕಾಪಾಡಿಕೊಳ್ಳಲು ಮಿಶಿಗನ್‌ನಲ್ಲಿ ಮಿಸ್ ಡಿಗ್ ಎಂಬ ವ್ಯವಸ್ಥೆಯಿದೆ. ಹಾರೆ ಹಾಕುವ ಮುನ್ನ 811ಕ್ಕೆ ಕರೆ ಮಾಡಿದರೆ ಆಯಾ ಸಂಸ್ಥೆಯವರು ಬಂದು ನೆಲದ ಮೇಲೆ ಬಣ್ಣದ ಗೆರೆ ಹಾಕಿ ಹೋಗುತ್ತಾರೆ: ವಿದ್ಯುತ್ತಿಗೆ ಕೆಂಪು, ಗ್ಯಾಸಿಗೆ ಹಳದಿ, ನೀರಿಗೆ ನೀಲಿ, ನಮ್ಮ ಕೇಬಲ್‌ಗೆ ಕಿತ್ತಳೆ. ಭಾರತದಲ್ಲೂ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಬಿಡುಗಡೆಯಾಗಿದೆ. ಜೆಸಿಬಿ ಚಾಲಕನವರೆಗೂ ಅದರ ವಿಷಯ ಮುಟ್ಟಬೇಕು.

ಹಣದ ಬಗ್ಗೆ ಒಂದು ಮಾತು. ಅನುದಾನದಿಂದ ಜಾಲವನ್ನು ಕಟ್ಟಬಹುದು, ಅನುದಾನದಿಂದಲೇ ಅದನ್ನು ನಡೆಸಲಾಗದು. ಕಂಬದ ಬಾಡಿಗೆ, ರಿಪೇರಿ ತಂಡದ ಒಪ್ಪಂದ, ಉಪಕರಣ ಬದಲಾವಣೆಗೆ ಎತ್ತಿಡುವ ನಿಧಿ, ರಾತ್ರಿಪಾಳಿಯ ಎಂಜಿನಿಯರುಗಳ ಸಂಬಳ ಎಲ್ಲವೂ ಸದಸ್ಯ ಸಂಸ್ಥೆಗಳ ವಾರ್ಷಿಕ ಶುಲ್ಕದಿಂದ ಬರಬೇಕು. ದೊಡ್ಡ ವಿಶ್ವವಿದ್ಯಾಲಯ ಹೆಚ್ಚು ಕೊಟ್ಟು, ದೂರದ ಸಣ್ಣ ಕಾಲೇಜು ಕಡಿಮೆ ಕೊಟ್ಟು, ಇಬ್ಬರೂ ಆಡಳಿತ ಮಂಡಳಿಯಲ್ಲಿ ಕೂರುವಂತಾದರೆ ಮಾತ್ರ ಇಂಥ ಜಾಲ ಬಾಳುತ್ತದೆ. ರಾಷ್ಟ್ರಮಟ್ಟದಲ್ಲಿ ಅದ್ದೂರಿಯಾಗಿ ಕಟ್ಟಿದ ನ್ಯಾಷನಲ್ ಲ್ಯಾಂಬ್ಡಾರೈಲ್ 2003ರಲ್ಲಿ ಹುಟ್ಟಿ 2014ರಲ್ಲಿ ಮುಚ್ಚಿಹೋಯಿತು. ಮೆರಿಟ್ ಇನ್ನೂ ನಡೆಯುತ್ತಿದೆ.

ಈಗ ನಮ್ಮ ನಾಡಿನ ವಿಚಾರ. 1986ರಲ್ಲಿ ಭಾರತದ ಶಿಕ್ಷಣ ಮತ್ತು ಸಂಶೋಧನಾ ಜಾಲವಾದ ಎರ್ನೆಟ್ ಆರಂಭವಾದಾಗ ಅದರಲ್ಲಿ ಪಾಲ್ಗೊಂಡ ಬೆರಳೆಣಿಕೆಯ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. 2010ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 5,990 ಕೋಟಿ ರೂಪಾಯಿಗಳ ರಾಷ್ಟ್ರೀಯ ಜ್ಞಾನ ಜಾಲಕ್ಕೆ ಒಪ್ಪಿಗೆ ನೀಡಿತು, 1,500 ಸಂಸ್ಥೆಗಳನ್ನು ಜೋಡಿಸುವ ಗುರಿ ಹಾಕಿಕೊಂಡಿತು. ಅದು ದೊಡ್ಡ ಹೆಜ್ಜೆ. ಆದರೆ ಅದು ದೇಶದ ಜಾಲ, ಬಿಎಸ್‌ಎನ್‌ಎಲ್, ಪವರ್‌ಗ್ರಿಡ್, ರೈಲ್‌ಟೆಲ್‌ಗಳಿಂದ ಬ್ಯಾಂಡ್‌ವಿಡ್ತ್ ಬಾಡಿಗೆಗೆ ಪಡೆದು ನಡೆಯುವಂಥದ್ದು. ನಮ್ಮ ವಿಶ್ವವಿದ್ಯಾಲಯಗಳು ತಾವೇ ಸೇರಿ, ತಮ್ಮದೇ ಎಳೆಗಳ ಮೇಲೆ, ಪಾಲಿಟೆಕ್ನಿಕ್ ಮತ್ತು ಕೃಷಿ ಸಂಶೋಧನಾ ಕೇಂದ್ರಗಳನ್ನೂ ಒಳಗೊಂಡು ನಡೆಸುವ ರಾಜ್ಯಮಟ್ಟದ ಜಾಲವೊಂದು ಬೇಕೆಂಬುದು ನನ್ನ ವಾದ. ಕೇಬಲ್ ಹೊಸದಾಗಿ ಹೂಳಲೇಬೇಕೆಂದಿಲ್ಲ. ವಿದ್ಯುತ್ ಪ್ರಸರಣ ಗೋಪುರಗಳ ನೆತ್ತಿಯ ಭೂಸಂಪರ್ಕ ತಂತಿಯೊಳಗೆ ಫೈಬರ್ ಸಾಗುತ್ತದೆ, ರೈಲು ಹಳಿಗಳ ಪಕ್ಕದಲ್ಲೂ ಇದೆ. ಅದರಲ್ಲಿ ಒಂದೊಂದು ಜೊತೆ ಎಳೆಯನ್ನು ದೀರ್ಘಕಾಲಕ್ಕೆ ಪಡೆದರೆ ಬೆಂಗಳೂರಿನಿಂದ ಹುಬ್ಬಳ್ಳಿ, ಕಲಬುರಗಿ, ಬಳ್ಳಾರಿ ಹಾದು ಮರಳುವ ಉಂಗುರ ಕಷ್ಟದ್ದೇನಲ್ಲ.

ಕಷ್ಟವಿರುವುದು ಕರಾವಳಿಗೆ ಇಳಿಯುವಲ್ಲಿ. ಉಂಗುರವೆಂದರೆ ಒಂದು ಕಡೆ ತುಂಡಾದರೂ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯಬೇಕು. 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಶಿರಾಡಿ ಘಾಟಿಯ ಹೆದ್ದಾರಿಯೂ ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗವೂ ಒಂದೇ ಮಳೆಗಾಲದಲ್ಲಿ ಬಂದ್ ಆದವು. ಕಾಗದದ ಮೇಲೆ ಅವೆರಡು ಬೇರೆಬೇರೆ ದಾರಿಗಳು, ಮಳೆಯ ಲೆಕ್ಕದಲ್ಲಿ ಒಂದೇ ಬೆಟ್ಟ. ಆದ್ದರಿಂದ ಸುರತ್ಕಲ್‌ನ ಎನ್‌ಐಟಿಕೆಗೆ, ಮಂಗಳೂರು ವಿಶ್ವವಿದ್ಯಾಲಯಕ್ಕೆ ಒಂದು ದಾರಿ ಘಟ್ಟದ ಮೇಲಿನ ವಿದ್ಯುತ್ ಗೋಪುರಗಳ ಮೇಲೆ ಬರುವುದಾದರೆ, ಎರಡನೆಯದು ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಇಳಿದು ಕೊಂಕಣ ರೈಲಿನ ಗುಂಟ ದಕ್ಷಿಣಕ್ಕೆ ಬರಬೇಕು. ಇದು ಬಳಸು ದಾರಿ, ಹೆಚ್ಚುವರಿ ಆಂಪ್ಲಿಫಯರ್ ಕೇಂದ್ರಗಳನ್ನು ಬೇಡುತ್ತದೆ. ಆದರೂ ಎಷ್ಟೇ ದುಬಾರಿಯಾದರೂ ಈ ಎರಡನೆಯ ದಾರಿಯನ್ನು ಮೊದಲ ಅಂದಾಜುಪಟ್ಟಿಯಲ್ಲೇ ಸೇರಿಸಬೇಕು, ಮುಂದಿನ ಹಂತಕ್ಕೆ ದೂಡಬಾರದು.